ಅತ್ತೆಗೆ ವಹಿಸಿದ ಪ್ರಾರ್ಥನೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ನಾವು ಐದು ಜನ ಹೆಂಗಸರು. ಆ ಸಂಜೆ ಜೋರು ಮಳೆ ಹಿಡಿದು ಕರೆಂಟು ಹೋಯಿತು. ಮಷಿನ್‌ಗಳು ನಿಂತವು, ಪಾಳಿ ಮುಗಿದರೂ ಹೊರಗೆ ಕಾಲಿಡುವಂತಿರಲಿಲ್ಲ. ಮಡಿಸಿಟ್ಟ ಬೆಡ್‌ಶೀಟ್ ರಾಶಿಗೆ ಒರಗಿ ಕೂತೆವು. ಬಾಣಂತನ ಮುಗಿಸಿ ಹೊಸದಾಗಿ ಕೆಲಸಕ್ಕೆ ಮರಳಿದ್ದ ಹುಡುಗಿ ಆಕಳಿಸುತ್ತ, "ಅಜ್ಜಿ, ನನಗೆ ದೇವರ ಮುಂದೆ ಕೂರೋಕೂ ಪುರುಸೊತ್ತಿಲ್ಲ. ನನ್ನ ಪಾಲಿಂದೂ ನೀವೇ ಒಂದು ಪ್ರಾರ್ಥನೆ ಮಾಡಿಬಿಡಿ" ಅಂದಳು. ಹರಿದ ಶೀಟು ಹೊಲಿಯುವ ನಮ್ಮ ಅಜ್ಜಿ ಸಾಮಾನ್ಯಕ್ಕೆ ಬಾಯಿ ಬಿಡುವವಳಲ್ಲ. ಅವತ್ತು ಸೂಜಿ ಕೆಳಗಿಟ್ಟಳು.

"ಬೇಡ ಕಣೇ. ಅದೊಂದನ್ನ ಮಾತ್ರ ಯಾರಿಗೂ ವಹಿಸಬೇಡ... ನಿನ್ನ ವಯಸ್ಸಲ್ಲಿ ನಾನು ದಿನಾ ಹೊತ್ತು ಮುಳುಗೋ ಹೊತ್ತಿಗೆ ಒಂದು ಗಂಟೆ ಅಲ್ಲಾಡದೆ ಪ್ರಾರ್ಥನೆಗೆ ಕೂರ್ತಿದ್ದೆ, ಅದರ ಜಂಬ ಬೇರೆ. ಆಮೇಲೆ ಮಗ ಹುಟ್ಟಿದ. ಅಬ್ಬಾ, ಅವನ ಗಂಟಲೋ... ರಾತ್ರಿಯಿಡೀ ಅಳು, ಬೆಳಗಾದ್ರೆ ನಾನಿಲ್ಲಿ ಬಟ್ಟೆ ಒಗೀಬೇಕು, ಸಂಜೆ ಕೂತರೆ ಕಣ್ಣು ತಾನಾಗೇ ಮುಚ್ಚಿಹೋಗೋದು. ಒಗೀತಾ ಒಗೀತಾ ಎರಡು ಮಾತು ಹೇಳಿಕೊಂಡಿದ್ರೆ ದೇವರೇನು ಬೇಡ ಅಂತಿದ್ನಾ? ನನಗೇ ಮನಸ್ಸು ಬರಲಿಲ್ಲ. ಮಾಡಿದ್ರೆ ಪೂರ್ತಿ, ಇಲ್ಲದಿದ್ರೆ ಇಲ್ಲ ಅನ್ನೋ ಹಟ. ಮನೇಲಿ ನಮ್ಮ ಸೋದರತ್ತೆ ಇದ್ದಳು, ಹಿಡಿದ ಕೆಲಸ ಬಿಡೋ ಪೈಕಿಯಲ್ಲ. 'ಅತ್ತೆ, ನನ್ನ ಬದಲು ನೀನು ಕೂರು. ಮಗು ಎಚ್ಚರಾಗದ ಹಾಗೆ ಮಲಗಿರಲಿ ಅಂತ ಕೇಳಿಕೋ. ನಾನು ಸಾಕು ಅನ್ನೋವರೆಗೂ ಬಿಡಬೇಡ' ಅಂದೆ. ಅದೇ ವಾರ ಮಗುವಿಗೆ ನಿದ್ದೆ ಹತ್ತಿತು.

"ಮಗು ಬೆಳೀತು, ಸ್ಕೂಲಿಗೆ ಹೋಯ್ತು, ಅತ್ತೆ ಮಾತ್ರ ದಿನಾ ಕೂರ್ತಾನೇ ಇದ್ದಳು. ಸಾಕು ಅನ್ನೋದು ನೆನಪಿರುತ್ತೇನ್ರೇ? ಅವನಿಗೆ ಒಂಬತ್ತು ತುಂಬಿದಾಗ ಅತ್ತೆ ತೀರಿಕೊಂಡಳು. ಹೆಣದ ಮುಂದೆ ಬಿದ್ದು ಹೊರಳಾಡಿದೆ, ಸಾಕು ಅನ್ನೋ ಆ ಒಂದು ಮಾತು ಮಾತ್ರ ಹೇಳಲಿಲ್ಲ. ನಾನೂ ಮತ್ತೆ ಕೂರಲಿಲ್ಲ. ಕೆಲಸ, ಮನೆ, ಅವನ ಓದು... ನಾಳೆ ಕೂತರಾಯ್ತು ಅಂತ.

"ವರ್ಷ ಕಳೆದ ಹಾಗೆ ಅವನ ನಿದ್ದೆ ಹೆಚ್ಚುತ್ತಾ ಬಂತು, ಮೂವತ್ತಾರು ತುಂಬಿದಾಗ ಮಿತಿ ಮೀರ್ತು. ಭಾನುವಾರ ಮಧ್ಯಾಹ್ನದವರೆಗೂ ಮಲಗಿದ್ರೆ ಕುಂಭಕರ್ಣ ಅಂತ ರೇಗಿಸ್ತಿದ್ದೆ. ಆಮೇಲೆ ಕಾರ್ಖಾನೇಲಿ ಲೇತ್ ಮಷಿನ್ ಮುಂದೆ ನಿಂತಲ್ಲೇ ತೂಕಡಿಸಿ ಎರಡು ಬೆರಳು ಕಳಕೊಂಡ. ಡಾಕ್ಟರು ತಲೆಯಿಂದ ಕಾಲಿನವರೆಗೂ ಪರೀಕ್ಷೆ ಮಾಡಿ ಏನೂ ಇಲ್ಲ ಅಂದ್ರು. ಒಂದು ಮುಸ್ಸಂಜೆ ಅತ್ತೆಯ ಖಾಲಿ ಕೋಣೆಯಿಂದ ಅವಳದೇ ದನಿ ಕೇಳ್ತು... 'ಮಗು ಎಚ್ಚರಾಗದ ಹಾಗೆ ಮಲಗಿರಲಿ.' ಸಾಕು ಅತ್ತೆ, ಸಾಕು, ಅಂತ ಹೊಸ್ತಿಲಿಗೆ ಹಣೆ ಚಚ್ಚಿಕೊಂಡೆ. ಅವಳು ಮಾತಾಡ್ತಿರೋದು ದೇವರ ಹತ್ರ, ನನ್ನ ಕೂಗು ಅವಳ ಕಿವಿಗೆಲ್ಲಿ ಬೀಳುತ್ತೆ?

"ಸರಿ, ನನ್ನ ಮಗನಿಗೆ ನಾನೇ ಕೇಳಿಕೊಳ್ತೀನಿ ಅಂತ ಕೂತೆ. ಮೂವತ್ತಾರು ವರ್ಷ ಆದಮೇಲೆ ಕೂತೆ. ಅವನಿಗೆ ಎಚ್ಚರಾಗಲಿ ಅಂತ ಬಾಯಿ ತೆರೆದ್ರೆ... ಬಂದಿದ್ದು ಅವಳ ಮಾತು, ಅವಳ ದನೀಲಿ. ಮಾರನೇ ದಿನದಿಂದ ಅವನು ಏಳಲೇ ಇಲ್ಲ. ಈಗ ಹೊತ್ತು ಮುಳುಗೋವಾಗ ಬಾಗಿಲು ಹಾಕಿಕೊಂಡು, ಆ ಮಾತು ಹೊರಡದ ಹಾಗೆ ಬಾಯಿಗೆ ಟವೆಲ್ ತುರುಕಿಕೊಂಡು ಕೂರ್ತೀನಿ. ಹಗಲೆಲ್ಲ ಅವನನ್ನ ನೋಡಿಕೊಳ್ಳೋ ಪಕ್ಕದ ಮನೆಯಾಕೆ ನನ್ನನ್ನ ಭಾರಿ ಭಕ್ತೆ ಅಂದುಕೊಂಡಿದ್ದಾಳೆ."

ಮಳೆ ನಿಂತಿತ್ತು. ಬಾಣಂತಿ ಹುಡುಗಿ, "ನಿದ್ದೇಲಿ ನಿಮ್ಮ ಮಗನಿಗೇನೂ ಗೊತ್ತಾಗಲ್ಲ ಬಿಡಿ ಅಜ್ಜಿ" ಅಂತ ಸಮಾಧಾನ ಹೇಳಿದಳು.

ಹೊತ್ತು ಮುಳುಗುವ ಮುಂಚೆ ಮನೆ ಸೇರಲು ಅಜ್ಜಿ ಚೀಲ ಹೆಗಲಿಗೇರಿಸಿದಳು.

"ನಾನೂ ಐದು ವರ್ಷ ಹಾಗೇ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅವನ ಮಗ್ಗುಲು ಬದಲಿಸೋವಾಗ ನೋಡ್ತೀನಿ, ದಿಂಬು ಒದ್ದೆ. ನಿದ್ದೇಲಿರೋರು ಅಷ್ಟೊಂದು ಅಳ್ತಾರೇನ್ರೇ?"