ಐದು ಜನ, ಆರು ತಟ್ಟೆ

ಕೆಲಸ ಬಿಟ್ಟು ಬಂದು ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಅಮ್ಮಾ, ನಿಮಗೂ ನಿಮ್ಮ ಮಗಳಿಗೂ ಮೊದಲೇ ಹೇಳಿಬಿಡುತ್ತೇನೆ — ನನಗೆ ಭಾಷಣ ಬರುವುದಿಲ್ಲ. ಇಪ್ಪತ್ತಾರು ವರ್ಷ ನಿಮ್ಮ ಮನೆಯವರ ಎದುರು ಮೇಜಿನಲ್ಲಿ ಕೂತವಳು ನಾನು. ಈ ವಾರವೆಲ್ಲ ಖಾಲಿಯಾದ ಆ ಮೇಜಿನ ಕಡೆ ತಲೆಯೆತ್ತಿ ನೋಡಲು ಆಗಲಿಲ್ಲ.

ನಮ್ಮದು ಪುಟ್ಟ ಜಿಲ್ಲೆ. ರಾಜಧಾನಿಯಿಂದ ಬಂದ ಅಧಿಕಾರಿಯೊಬ್ಬರು ಒಮ್ಮೆ, "ಇದೇನ್ರೀ, ಜಿಲ್ಲೆನಾ, ಬೀದಿನಾ?" ಅಂದರು. ನಮ್ಮ ಸಾಹೇಬರು, ನಿಮ್ಮ ಮನೆಯವರು, ಬಿಡಲಿಲ್ಲ. "ಬೀದಿನೇ ಸಾರ್. ಅದಕ್ಕೇ ಎಲ್ಲರ ಮುಖ ಗೊತ್ತು," ಅಂದರು.

ಹಳೆಯ ಕಚೇರಿ ನೆನಪಿದೆಯಾ? ಮೂರು ಕೋಣೆ, ಬಸ್ ನಿಲ್ದಾಣದ ಕಡೆಗೆ ಒಂದು ಕಿಟಕಿ, ಗೋಡೆಯುದ್ದಕ್ಕೂ ಜನಸಂಖ್ಯೆಯ ದಪ್ಪ ದಪ್ಪ ಪುಸ್ತಕಗಳು. ಬಸ್ಸು ಬಂದಾಗಲೆಲ್ಲ ಸಾಹೇಬರು ಕಿಟಕಿಗೆ ಹೋಗಿ ನಿಲ್ಲುವರು. "ಇಬ್ಬರು ಇಳಿದ್ರು, ಏಳು ಜನ ಹತ್ತಿದ್ರು. ಹೀಗೇ ಆದ್ರೆ ಕೊನೆಗೆ ನಾವಿಬ್ಬರೇ ಉಳಿಯೋದು ಕಣಮ್ಮ. ನೀನು ನನ್ನ ಎಣಿಸು, ನಾನು ನಿನ್ನ ಎಣಿಸ್ತೀನಿ." ಆ ದಿನಗಳು ಎಷ್ಟು ಚೆನ್ನಾಗಿದ್ದವು! ಆಗ ನಮಗದು ತಿಳಿಯಲೇ ಇಲ್ಲ.

ಅವರನ್ನು ನೀವೆಲ್ಲರೂ ‘ತಟ್ಟೆ ಸಾಹೇಬರು’ ಅನ್ನುತ್ತಿದ್ದಿರಿ. ಆ ಹೆಸರಿನ ಹಿಂದೆ ನನ್ನದೊಂದು ತಪ್ಪಿದೆ — ಇವತ್ತು ಒಪ್ಪಿಕೊಂಡುಬಿಡುತ್ತೇನೆ.

ಅದು ನನ್ನ ಮೊದಲ ಜನಗಣತಿ. ಗುಡ್ಡದ ಆಚೆ ಒಂದು ಮನೆ. ಸುಡುಬಿಸಿಲು, ಕಾಲು ನೋವು. ಬಾಗಿಲಲ್ಲೇ ನಿಂತು, "ಎಷ್ಟು ಜನ?" ಅಂದೆ. ಮನೆಯ ಯಜಮಾನ "ಐದು" ಅಂದ. ಐದು ಅಂತ ಬರೆದುಕೊಂಡು ಬಂದುಬಿಟ್ಟೆ.

ವಾರ ಕಳೆದ ಮೇಲೆ ಸಾಹೇಬರು ತಪಾಸಣೆಗೆ ಹೊರಟರು, ಜೊತೆಗೆ ನಾನೂ. ಅವರು ಎಷ್ಟು ಜನ ಅಂತ ಕೇಳುವವರೇ ಅಲ್ಲ. ಕುಡಿಯಲು ನೀರು ಕೇಳುವರು. ಆಮೇಲೆ ಲೋಟ ತಾವೇ ಇಟ್ಟುಬರುತ್ತೇನೆಂದು ಅಡುಗೆಮನೆ ಬಾಗಿಲ ತನಕ ಹೋಗುವರು — ಹೀಗೆ, ಕತ್ತು ಚಾಚಿಕೊಂಡು! ಅವತ್ತು ತೊಳೆದು ಒರಗಿಸಿಟ್ಟಿದ್ದ ತಟ್ಟೆಗಳನ್ನು ಎಣಿಸಿದರು. ಆರು.

"ಆರನೇದು ಯಾರದಮ್ಮಾ?"

ಆ ಮನೆಯ ಸೊಸೆ ತಲೆ ತಗ್ಗಿಸಿದರು. ಹಿಂದಿನ ಕೋಣೆಗೆ ಹೋಗಿ ಒಬ್ಬರನ್ನು ಕೈಹಿಡಿದು ಕರೆತಂದರು. ಯಜಮಾನನ ತಂಗಿ, ಮೂವತ್ತು ದಾಟಿದವರು. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತು ಬಾರದು. ಶಾಲೆಯ ದಾಖಲೆಯಲ್ಲಿಲ್ಲ, ಮತದಾರರ ಪಟ್ಟಿಯಲ್ಲಿಲ್ಲ — ಜಿಲ್ಲೆಯ ಒಂದೇ ಒಂದು ಪುಸ್ತಕದಲ್ಲೂ ಆಕೆ ಇರಲಿಲ್ಲ.

"ಅದನ್ನೂ ಬರೀಬೇಕಾ ಸಾರ್?" ಅಂದ ಅಣ್ಣ.

"ಅದನ್ನಲ್ಲ ಸ್ವಾಮಿ. ಅವರನ್ನ."

ಸಾಹೇಬರು ಆಕೆಯ ಎದುರು ನೆಲದ ಮೇಲೆ ಕೂತು ಹೆಸರು ಬರೆದರು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು, ಆಮೇಲೆ ಆಕೆಯನ್ನೇ ತೋರಿಸಿದರು. ಆಕೆಗೆ ಅರ್ಥವಾಗಲಿಲ್ಲ. ಮತ್ತೆ ತೋರಿಸಿದರು. ಮತ್ತೆ. ಅರ್ಥವಾದಾಗ — ಆ ಮುಖ ಹೇಗಿತ್ತು ಅಂತ ಹೇಳಲು ನನ್ನಿಂದಾಗದು.

ಮಾರನೆಯ ದಿನ ಅಣ್ಣ ಕಚೇರಿಗೇ ಬಂದು ಕೂಗಾಡಿದ, ಹೆಸರು ಹೊಡೆದುಹಾಕಿ ಅಂತ. ಮನೆಯ ಮರ್ಯಾದೆ ಹೋಗುತ್ತದಂತೆ. ಸಾಹೇಬರು ಎದ್ದು ನಿಂತರು. "ಬರೆಯೋದು ನನ್ನ ಕೆಲಸ. ಹೊಡೆದುಹಾಕೋದು ಸಾವಿನ ಕೆಲಸ. ನಿಮ್ಮ ಕೆಲಸ ಇಲ್ಲೇನೂ ಇಲ್ಲ, ಹೋಗಿಬನ್ನಿ."

ಹೆಸರು ಉಳಿಯಿತು. ಹೆಸರಿದ್ದದ್ದಕ್ಕೆ ಜಿಲ್ಲೆಯ ಹೊಲಿಗೆ ತರಬೇತಿಯಲ್ಲಿ ಜಾಗ ಸಿಕ್ಕಿತು. ಇವತ್ತು ಈ ಸಭೆಯಲ್ಲಿ ಅರ್ಧ ಜನ ತೊಟ್ಟಿರುವುದು ಆ ಅಕ್ಕ ಹೊಲಿದ ಬಟ್ಟೆ.

ತಪ್ಪು ಸಿಕ್ಕಿದ ದಿನವೇ ನಾನು ಅಳುತ್ತಾ, "ಸಾರ್, ನನ್ನ ತಪ್ಪನ್ನ ಮೇಲಕ್ಕೆ ಬರೆದು ಕಳಿಸಿ," ಅಂದಿದ್ದೆ. "ಬಿಸಿಲಿತ್ತು, ಕಾಲು ನೋಯ್ತಿತ್ತು. ಮುಂದಿನ ಸಲ ನೀರು ಕೇಳು," ಅಂದರು. ಅಷ್ಟೇ. ಸಾಯುವ ತನಕ ಇನ್ನೊಮ್ಮೆ ಆ ಮಾತೆತ್ತಲಿಲ್ಲ ಮಹಾನುಭಾವರು.

ನನ್ನ ಮಾತು ಸಾಕು. ದಯವಿಟ್ಟು ಎಲ್ಲರೂ ಎದ್ದು, ಸಾಹೇಬರಿಗಾಗಿ ಎರಡು ನಿಮಿಷ ಸುಮ್ಮನೆ ನಿಲ್ಲೋಣ. ಆ ಅಕ್ಕ ಎರಡನೇ ಸಾಲಿನಲ್ಲಿದ್ದಾರೆ, ನಾನು ಹೇಳಿದ್ದು ಅವರಿಗೆ ಕೇಳಿಸದು. ಪಕ್ಕದವರು ಯಾರಾದರೂ ಭುಜ ಮುಟ್ಟಿ —

ಬೇಡ, ಬೇಡ. ಅವರು ಆಗಲೇ ಎದ್ದು ನಿಂತಿದ್ದಾರೆ. ನಾವೂ ಏಳೋಣ.