ಟಪಾಲಿನ ಕೂಸಿನ ತಂದೆ ಕೊಟ್ಟ ಹೇಳಿಕೆ

ಹೆಸರು ಉಳವಪ್ಪ, ತಂದೆ ಬಸವಣ್ಣೆಪ್ಪ ಗಾಣಿಗೇರ. ವಯಸ್ಸು ಇಪ್ಪತ್ಮೂರು. ಉದ್ಯೋಗ ಒಕ್ಕಲುತನ; ಕಳೆದ ಹನ್ನೊಂದೂವರೆ ತಿಂಗಳಿಂದ ಫರಾರಿ. ವಾಸ ಹಿರೇಹಕ್ಕಲ, ತಾಲೂಕು ಹಾನಗಲ್ಲ, ಜಿಲ್ಲಾ ಧಾರವಾಡ. ಮಕ್ಕಳು: ಒಂದು ಹೆಣ್ಣು, ಇನ್ನೂ ಹೆಸರಿಟ್ಟಿಲ್ಲ.

ಹಾನಗಲ್ಲ ಠಾಣೆಯ ಫೌಜದಾರ ಸಾಹೇಬರ ಅಪ್ಪಣೆ ಪಡೆದು ನನ್ನ ಕೈಯಿಂದಲೇ ಬರೆದು ಈ ಮೂಲಕ ತಿಳಿಸುವ ಸಂಗತಿ ಹೀಗಿದೆ. ನನ್ನನ್ನು ಯಾರೂ ಹಿಡಿದು ತಂದಿಲ್ಲ. ನಿನ್ನೆ, ಆಗಸ್ಟ್ 27, ಶುಕ್ರವಾರ, ಮುಂಜಾನೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾನೇ ನಡೆದು ಬಂದೆ.

1942ನೆಯ ಸಪ್ಟೆಂಬರ್ 12, ಶನಿವಾರ, ಸಾಯಂಕಾಲ ಆರು ಗಂಟೆಗೆ ಹಿರೇಹಕ್ಕಲದ ಚಾವಡಿಯ ದಫ್ತರಕ್ಕೆ ಬೆಂಕಿ ಹಚ್ಚಿದವನು ನಾನು. ಜೊತೆಗಿದ್ದವರ ಹೆಸರು ಹೇಳುವುದಿಲ್ಲ. ಹೊಲದ ಕಂದಾಯವಾದ ಸಾರಾ ವಸೂಲಿಯ ಪುಸ್ತಕಗಳೆಲ್ಲ ಉರಿದವು. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಒಂದು ಪುಸ್ತಕವನ್ನು ಮಾತ್ರ ಬೆಂಕಿಗೆ ಹಾಕಲು ಎತ್ತಿದವನು ಹಾಕಲಿಲ್ಲ. ಅದು ಊರಿನ ಜನನ-ಮರಣದ ಪುಸ್ತಕ. ತೆರೆದುಕೊಂಡ ಪುಟದಲ್ಲಿ ನನ್ನ ತಂದೆಯ ಮರಣವಿತ್ತು. ಸರಕಾರದ ಕಾಗದವೆಲ್ಲ ನಮ್ಮ ಕೈಗೆ ಹಾಕಿದ ಬೇಡಿ ಎಂದು ನಾನು ಕರಪತ್ರಗಳಲ್ಲಿ ಓದಿದ್ದೆ, ಹಾಗೆಯೇ ನಂಬಿದ್ದೆ. ಆದರೆ ನನ್ನ ತಂದೆಯ ಹೆಸರು ಬರೆದ ಕಾಗದ ಲೋಕದಲ್ಲಿ ಅದೊಂದೇ. ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಊರು ಬಿಟ್ಟು ಸವಣೂರು ಸಂಸ್ಥಾನದ ಹದ್ದಿಗೆ ಹೋದೆ. ಅಲ್ಲಿ ಯಾರ ಮನೆಯಲ್ಲಿದ್ದೆ ಎಂಬುದನ್ನೂ ಹೇಳುವುದಿಲ್ಲ.

ನನ್ನ ಹೆಂಡತಿ ಶಂಕ್ರವ್ವ, ವಯಸ್ಸು ಹತ್ತೊಂಬತ್ತು. ಪೊಲೀಸರು ನನ್ನನ್ನು ಹುಡುಕಿ ನಮ್ಮ ಮನೆ ಝಡತಿ ಮಾಡಿದ ಮೇಲೆ ಆಕೆ ಎರಡು ಮೈಲು ದೂರದ ನಮ್ಮೂರಿಗೇ ಸೇರಿದ ಸಣ್ಣ ಮಜರೆಯಾದ ಕೊಪ್ಪದಹಕ್ಕಲದ ತವರುಮನೆಯಲ್ಲಿದ್ದು, ಜೋಳದ ಸುಗ್ಗಿಗೆಂದು ನವೆಂಬರ್ 10ಕ್ಕೆ ನನ್ನ ತಾಯಿ ವೀರವ್ವನ ಹತ್ತಿರ ಹಿಂದಿರುಗಿದಳು.

ನವೆಂಬರ್ 22, ರವಿವಾರ, ಗೌರಿ ಹುಣ್ಣಿಮೆ. ಊರ ಹೆಂಗಸರೆಲ್ಲ ಸಕ್ಕರೆ ಆರತಿಯ ಸಡಗರದಲ್ಲಿದ್ದರು. ಶಂಕ್ರವ್ವ ನಮ್ಮ ಹೊಲದ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ನಾನು ಹಳ್ಳದ ಕಡೆಯಿಂದ ಜೋಳದೊಳಗೆ ನುಗ್ಗಿ ಬಂದೆ. ಹಂದಿ ಎಂದು ತಿಳಿದು ಆಕೆ ಬೀಸಿದ ಕಲ್ಲು ನನ್ನ ಎಡ ಭುಜಕ್ಕೆ ಬಿತ್ತು. ಕಲೆ ಈಗಲೂ ಇದೆ, ನೋಡಬಹುದು. ಐದೂವರೆಯವರೆಗೆ ಹೊಲದಲ್ಲಿದ್ದೆ. ಆ ದಿನ ಜನನ-ಮರಣದ ಪುಸ್ತಕದ ಕೊನೆಯ ಹಾಳೆಯಲ್ಲಿ, ಇದನ್ನು ನಾನು ಸುಡಲಿಲ್ಲ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದೆ. ಶಂಕ್ರವ್ವನಿಗೆ ಮದುವೆಯಾದ ವರ್ಷ ನಾನೇ ಅಕ್ಷರ ಕಲಿಸಿದ್ದೇನೆ. ಆಕೆಯೂ ಕೆಳಗೆ ತನ್ನ ಹೆಸರು ಬರೆದಳು. ಪುಸ್ತಕವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಗಡಿಗೆಯಲ್ಲಿಟ್ಟು ಬನ್ನಿಗಿಡದಿಂದ ಮೂಡಣಕ್ಕೆ ಏಳು ಹೆಜ್ಜೆಯ ಮೇಲೆ ಹೂಳಿದೆವು. ನಾನು ಬಂದದ್ದು ನನ್ನ ತಾಯಿಗೆ ತಿಳಿಯಬಾರದೆಂದು ಶಂಕ್ರವ್ವ ಹೇಳಿದಳು. ತಿಳಿದರೆ ಪೊಲೀಸರು ಮುದುಕಿಯನ್ನು ಬಿಡುವುದಿಲ್ಲ ಎಂದಳು. ನಾನು ಒಪ್ಪಿದೆ. ಮುಂದೆ ಒಂಬತ್ತು ತಿಂಗಳು ಊರಿನ ಸುದ್ದಿ ನನಗೆ ಮುಟ್ಟಲಿಲ್ಲ.

ಇನ್ನು ಕೆಳಗೆ ಬರೆಯುವುದನ್ನು ನನ್ನ ತಾಯಿ ಮೊನ್ನೆ ನನಗೆ ಹೇಳಿದಳು. ನಡೆದ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ.

ಡಿಸೆಂಬರ್ ಕೊನೆಗೆ ಶಂಕ್ರವ್ವ ತಾನು ಬಸುರಿ ಎಂದು ಅತ್ತೆಗೆ ತಿಳಿಸಿದಳು. ನಾನು ಊರು ಬಿಡುವ ಮೊದಲೇ ಮುಟ್ಟು ನಿಂತದ್ದು, ಈಗ ನಾಲ್ಕು ತಿಂಗಳು ಎಂದಳು. ಇದು ಆಕೆ ತಾನೇ ಮಾಡಿದ ಲೆಕ್ಕ, ನಾನು ಹೇಳಿಕೊಟ್ಟದ್ದಲ್ಲ. ಮುಟ್ಟಾದ ದಿನಗಳಲ್ಲಿ ಹೊರಗೆ ಕೂಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಆದ್ದರಿಂದ ನನ್ನ ತಾಯಿಗೆ ಸಂಶಯ ಬರಲು ಕಾರಣವಿರಲಿಲ್ಲ. ಆಕೆ ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ನಮ್ಮೂರಿನ ಸೂಲಗಿತ್ತಿ ತಿಪ್ಪವ್ವ. ಸೂಲಗಿತ್ತಿಯರ ಕೊಳಕು ಕೈಯಿಂದ ಬಾಣಂತಿಯರು ಸಾಯುತ್ತಾರೆಂದು ಒಂದು ಕರಪತ್ರವನ್ನು ನಾನು ಮನೆಯಲ್ಲಿ ಎರಡು ಸಲ ಓದಿ ಹೇಳಿದ್ದೆ. ನನ್ನ ಮನೆಯ ಹೆರಿಗೆ ದವಾಖಾನೆಯಲ್ಲಿಯೇ ಆಗಬೇಕೆಂದು ತಿಪ್ಪವ್ವನ ಎದುರಿಗೇ ಹೇಳಿದ್ದೆ. ಮಗನ ಮಾತು ನಡೆಸಬೇಕೆಂದು ನನ್ನ ತಾಯಿ ಜೂನ್ 7, ಸೋಮವಾರ, ಚಕ್ಕಡಿ ಹೂಡಿಸಿ ಶಂಕ್ರವ್ವನನ್ನು ಎಂಟು ಮೈಲು ದೂರದ ಒಂದು ಧರ್ಮಾರ್ಥ ದವಾಖಾನೆಗೆ ಕರೆದುಕೊಂಡು ಹೋದಳು. ಆ ದವಾಖಾನೆಯ ಹೆಸರನ್ನೂ ಅಲ್ಲಿಯ ನರ್ಸಬಾಯಿಯ ಹೆಸರನ್ನೂ ಬರೆಯುವುದಿಲ್ಲ. ಆಕೆಗೆ ಶಿಕ್ಷೆ ಕೇಳಲು ನಾನು ಬಂದಿಲ್ಲ.

ಪಡಸಾಲೆಯಲ್ಲಿ ಹದಿನಾಲ್ಕು ಜನ ಹೆಂಗಸರು ಕುಳಿತಿದ್ದರು. ನರ್ಸಬಾಯಿ ಶಂಕ್ರವ್ವನನ್ನು ಒಳಗೆ ಕರೆಯಲಿಲ್ಲ. ಪಡಸಾಲೆಯ ಬೆಂಚಿನ ಮೇಲೆಯೇ ಮಲಗಿಸಿ, ಹೊಟ್ಟೆ ಒತ್ತಿ, ಪಟ್ಟಿ ಹಿಡಿದು ಅಳೆದು, ಎಷ್ಟು ತಿಂಗಳೆಂದು ಕೇಳಿದಳು. ಒಂಬತ್ತು ತುಂಬಿತೆಂದು ನನ್ನ ತಾಯಿ ಹೇಳಿದಳು.

“ಯಾವ ಒಂಬತ್ತವ್ವಾ? ಇದು ಏಳರ ಮ್ಯಾಲಿಲ್ಲ. ಅತ್ತಿ ಲೆಕ್ಕ ತಪ್ಪ್ಯಾಳೋ ಸೊಸಿ ಲೆಕ್ಕ ತಪ್ಪ್ಯಾಳೋ, ಮನಿಗೆ ಹೋಗಿ ಕುಂತು ನೋಡ್ಕೊರ್ರಿ.”

ಗಂಡ ಎಲ್ಲಿದ್ದಾನೆಂದು ಕೇಳಿದಳು. ಗೌರಿ ಹುಣ್ಣಿಮೆಗಿಂತ ಎಷ್ಟೋ ಮೊದಲೇ ಫರಾರಿಯಾಗಿದ್ದಾನೆ, ಒಮ್ಮೆಯೂ ಊರ ಕಡೆ ಬಂದಿಲ್ಲ ಎಂದು ನನ್ನ ತಾಯಿ ಹೆಮ್ಮೆಯಿಂದಲೇ ಹೇಳಿದಳು.

“ಹಂಗಾರ ಇದು ಟಪಾಲಿನ್ಯಾಗ ಬಂತೇನು?”

ಕಂಪೌಂಡರನು ಬಾಟಲಿ ತೊಳೆಯುವುದನ್ನು ಬಿಟ್ಟು ನಕ್ಕನು. ಹೆಂಗಸರಲ್ಲಿ ಕೆಲವರು ಸೆರಗು ಬಾಯಿಗೆ ಹಿಡಿದುಕೊಂಡರು. ಶಂಕ್ರವ್ವ ಏಳಹೋದಾಗ ನರ್ಸಬಾಯಿ ಆಕೆಯ ಸೊಂಟವನ್ನು ಗೇಣಿನಿಂದ ಅಳೆದು, “ಇಷ್ಟ ಸೊಂಟದಾಗ ಹಡೀತಿಯೇನ ತಂಗಿ? ಎರಡರಾಗ ಒಂದು ಜೀವಾ ಉಳದರ ಪುಣ್ಯಾ,” ಎಂದಳು. ಮುಂದಿನವಳನ್ನು ಕರೆದಳು. ಇಷ್ಟೆಲ್ಲ ಆಗಲು ಐದು ನಿಮಿಷವೂ ಹಿಡಿಯಲಿಲ್ಲವೆಂದು ನನ್ನ ತಾಯಿ ಹೇಳುತ್ತಾಳೆ.

ಬರುವಾಗ ನನ್ನ ತಾಯಿ ಚಕ್ಕಡಿಯನ್ನು ಮನೆಗೆ ಬಿಡಿಸದೆ ಕೊಪ್ಪದಹಕ್ಕಲಕ್ಕೆ ಬಿಡಿಸಿದಳು. ಶಂಕ್ರವ್ವನನ್ನು ತವರಿನ ಬಾಗಿಲಲ್ಲಿ ಇಳಿಸಿದಳು. ತಾನು ಇಳಿಯಲಿಲ್ಲ.

ದವಾಖಾನೆಯ ಮಾತು ಹರಡಿ, ಐದು ದಿನ ಬಿಟ್ಟು ಜೂನ್ 12ಕ್ಕೆ ಈ ಠಾಣೆಯ ಹವಾಲದಾರರು ಕೊಪ್ಪದಹಕ್ಕಲಕ್ಕೆ ಹೋದರು. ನವೆಂಬರಿನಲ್ಲಿ ಗಂಡ ಬಂದಿದ್ದನೋ ಇಲ್ಲವೋ, ಬಂದಿದ್ದರೆ ಎಲ್ಲಿದ್ದಾನೆ ಹೇಳು, ನಿನ್ನ ಮಾನ ಉಳಿಯುತ್ತದೆ ಎಂದು ಕೇಳಿದರು. ಗಂಡ ಬಂದಿಲ್ಲ ಎಂದು ಶಂಕ್ರವ್ವ ಹೇಳಿಕೆ ಕೊಟ್ಟಳು. ಆ ಕಾಗದವನ್ನು ನಿನ್ನೆ ಫೌಜದಾರ ಸಾಹೇಬರು ನನಗೆ ತೋರಿಸಿದರು. ಅದರ ಕೆಳಗೆ ಹೆಬ್ಬೆಟ್ಟಿನ ಗುರುತು ಇದೆ. ಆಕೆಗೆ ಸಹಿ ಮಾಡಲು ಬರುತ್ತದೆ. ಸುಳ್ಳಿನ ಕೆಳಗೆ ಹೆಸರು ಬರೆಯಲು ಆಕೆಗೆ ಮನಸ್ಸಾಗಲಿಲ್ಲ ಎಂಬುದು ನನ್ನ ತಿಳಿವಳಿಕೆ. ಆ ಹೇಳಿಕೆ ಸುಳ್ಳು. ಅದರ ಶಿಕ್ಷೆ ನನಗಾಗಲಿ.

ಆ ಮೇಲಿನ ಒಂಬತ್ತು ವಾರ ಆಕೆ ಕುಲಾವಿ ಹೊಲಿಯಲಿಲ್ಲ, ತೊಟ್ಟಿಲು ಇಳಿಸಗೊಡಲಿಲ್ಲ. ಎರಡರಲ್ಲಿ ಒಂದು ಎಂಬ ಮಾತನ್ನೇ ತವರಿನವರ ಮುಂದೆ ತಿರುತಿರುಗಿ ಆಡಿದಳೆಂದು ಕೇಳಿದ್ದೇನೆ. ಆಗಸ್ಟ್ 17, ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ ಹೆಣ್ಣು ಕೂಸು ಹುಟ್ಟಿತು. ಎರಡೂ ಜೀವ ಉಳಿದವು. ಹಡೆಯಿಸಿದವಳು ತಿಪ್ಪವ್ವ. ನಾನು ಅಂದ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಕರೆದ ಕೂಡಲೇ ಎರಡು ಮೈಲು ನಡೆದು ಹೋಗಿದ್ದಳು.

ಎರಡೂ ಊರಿಗೆ ಪೊಲೀಸ್ ಪಾಟೀಲರಾದ ಕರಿಬಸಪ್ಪಗೌಡರು ಹೊಸ ಪುಸ್ತಕದಲ್ಲಿ ಜನನ ಬರೆದುಕೊಳ್ಳಲು ಹೋದಾಗ, ತಂದೆಯ ಹೆಸರು ಕೇಳಿದರೆ ಶಂಕ್ರವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಗಂಡನ ಹೆಸರು ಹೇಳಿದರೆ ಬಂದಿದ್ದನೆಂದಾಗುತ್ತದೆ. ತಿಪ್ಪವ್ವ ಸುಮ್ಮನಿರಲಿಲ್ಲ.

“ಗೌಡ್ರ, ಆ ಉಳವಪ್ಪನ್ನ ತಗದಾಕಿನೂ ನಾನ, ಇದನ್ನ ತಗದಾಕಿನೂ ನಾನ. ಅವನ ಕಿವಿ ಹಿಂಗ ಮಡಚಿತ್ತು, ಇದರದ್ದೂ ಮಡಚೇತಿ. ನೋಡ ಬರ್ರಿ.”

“ಕಿವಿ ಬರ್ಯಾಕ ಪುಸ್ತಕದಾಗ ಜಾಗಾ ಇಲ್ಲ ತಿಪ್ಪವ್ವ,” ಎಂದು ಗೌಡರು ತಂದೆಯ ಅಂಕಣವನ್ನು ಖಾಲಿ ಬಿಟ್ಟು ಹೋದರು.

ಈಗ ನನ್ನ ಸಂಗತಿ. ಆಗಸ್ಟ್ 25, ಬುಧವಾರ, ಮುಂಜಾನೆ ಹನ್ನೊಂದಕ್ಕೆ ನಾನು ಸವಣೂರ ಪೇಟೆಯಲ್ಲಿ ವೀಳ್ಯದೆಲೆಯ ಪೆಂಡಿ ಕಟ್ಟುತ್ತಿದ್ದೆ. ಮೂರು ಮೊಳ ದೂರದಲ್ಲಿ ಹಾನಗಲ್ಲ ಕಡೆಯ ಇಬ್ಬರು ಎಲೆ ಆರಿಸುತ್ತ ಮಾತಾಡುತ್ತಿದ್ದರು. ತಮ್ಮ ಸೀಮೆಯಲ್ಲಿ ಒಂದು ಕೂಸು ಟಪಾಲಿನಲ್ಲಿ ಬಂದಿದೆ, ಶಿಕ್ಕಾ ಬಿದ್ದಿದೆ, ವಿಳಾಸ ಮಾತ್ರ ಇಲ್ಲ ಎಂದು ಒಬ್ಬನು ಹೇಳಿದನು. ಇಬ್ಬರೂ ನಕ್ಕರು. ನಾನೂ ನಕ್ಕೆ. ಯಾವ ಊರೆಂದು ನಾನೇ ಕೇಳಿದೆ. “ಹಿರೇಹಕ್ಕಲ. ಚಾವಡಿ ಸುಟ್ಟು ಓಡಿಹೋದ್ನಲ್ಲಾ ಗಾಣಿಗೇರ ಹುಡುಗ, ಅವನ ಹೇಂತಿ,” ಎಂದನು. ಪೆಂಡಿಯನ್ನು ಕಟ್ಟಿ ಮುಗಿಸಿದೆ. ಆಮೇಲೆ ಮತ್ತೊಂದನ್ನೂ ಕಟ್ಟಿದೆ. ನಾನು ನಕ್ಕದ್ದನ್ನು ಇಲ್ಲಿ ಬರೆಯುವ ಅವಶ್ಯಕತೆ ಇಲ್ಲವೆಂದು ಫೌಜದಾರ ಸಾಹೇಬರು ಹೇಳಿದರು. ನಾನು ಬರೆದಿದ್ದೇನೆ.

26ನೆಯ ತಾರೀಖು ಹದಿನೆಂಟು ಮೈಲು ನಡೆದು ಸಾಯಂಕಾಲ ಆರಕ್ಕೆ ಮನೆಗೆ ಹೋದೆ. ನವೆಂಬರಿನಲ್ಲಿ ಬಂದದ್ದನ್ನು ತಾಯಿಗೆ ಹೇಳಿದೆ. ಆಕೆ ಒಲೆಯ ಮುಂದಿನಿಂದ ಏಳಲಿಲ್ಲ.

“ನನಗ್ಯಾಕ ಹೇಳಲಿಲ್ಲಪಾ? ಅಕೀನ್ನ ಚಕ್ಕಡಿಯಿಂದ ಇಳಿಸಿ ಬಂದ್ನಲ್ಲೋ.”

ತಾನು ಹೋಗಿ ಇಬ್ಬರನ್ನೂ ಕರೆದುಕೊಂಡು ಬರುತ್ತೇನೆ, ನೀನು ಹೊರಟುಹೋಗು ಎಂದಳು. ಯಾಕೆ ಕರೆದು ತಂದೆ ಎಂದು ಊರು ಕೇಳಿದರೆ ಏನು ಹೇಳುತ್ತೀ ಎಂದೆ. ಅದಕ್ಕೆ ಉತ್ತರ ನಾನೇ ಹೇಳಬೇಕಾಗಿತ್ತು. ಆದ್ದರಿಂದ ನಿನ್ನೆ ಏಳು ಮೈಲು ನಡೆದು ಇಲ್ಲಿಗೆ ಬಂದೆ.

ಫೌಜದಾರ ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿಕೊಂಡು, “ಹೇಂತಿ ಮಾನಾ ಉಳಸಾಕ ಯಾವ ಗಂಡಾದರೂ ಸುಳ್ಳ ಹೇಳ್ತಾನಪಾ. ನಾನಾದರೂ ಹೇಳೇನು. ಪುರಾವೆ ಏನೈತಿ?” ಎಂದರು. ಪುಸ್ತಕವನ್ನು ಹೂಳಿದ್ದು ಹೇಳಿದೆ. ಅದು ಸಿಕ್ಕರೆ ದಫ್ತರ ಸುಟ್ಟದ್ದಕ್ಕೂ ಅದೇ ಪುರಾವೆ ಆಗುತ್ತದೆ, ತಿಳಿದಿದೆಯೇ ಎಂದು ಕೇಳಿದರು. ತಿಳಿದೇ ಹೇಳುತ್ತಿದ್ದೇನೆ ಎಂದೆ.

ಹನ್ನೆರಡೂಕಾಲಕ್ಕೆ ಕೈಗೆ ಬೇಡಿ ಹಾಕಿ ನನ್ನನ್ನು ಹೊಲಕ್ಕೆ ಕರೆದೊಯ್ದರು. ಗೌಡರು ಪಂಚರಾಗಿ ಬಂದರು. ಊರ ಜನ ಒಡ್ಡಿನ ಮೇಲೆ ನಿಂತರು. ನನ್ನ ತಾಯಿ ಬದುವಿನಲ್ಲಿ ಕುಳಿತಳು. ಬನ್ನಿಗಿಡದಿಂದ ಮೂಡಣಕ್ಕೆ ಏಳು ಹೆಜ್ಜೆ ಇಟ್ಟು ತೋರಿಸಿದೆ. ಟೇಪು ಹಿಡಿದಾಗ ಹದಿನೇಳೂವರೆ ಅಡಿ ಬಂತು. ಎರಡೂವರೆ ಅಡಿ ಆಳ ಅಗೆದರು. ಏನೂ ಸಿಗಲಿಲ್ಲ. ಎಡಕ್ಕೆ, ಬಲಕ್ಕೆ ಅಗೆದರು. ಮೊಳಕಾಲೆತ್ತರದ ಜೋಳ ಹತ್ತಡಿ ಉದ್ದಕ್ಕೆ ಹೋಯಿತು. ಒಡ್ಡಿನ ಮೇಲಿನಿಂದ ಯಾರೋ, “ಅದನೂ ಟಪಾಲಿಗೆ ಹಾಕ್ಯಾನೇನ ನೋಡ್ರಿ,” ಎಂದರು. ನನ್ನ ತಾಯಿ ತಲೆ ತಗ್ಗಿಸಿದಳು. ಮೂರು ಗಂಟೆಗೆ ಸಾಹೇಬರು ಶಂಕ್ರವ್ವನನ್ನು ಕರೆತರಲು ಪೊಲೀಸನನ್ನು ಕಳುಹಿಸಿದರು.

ನಾಲ್ಕೂವರೆಗೆ ಚಕ್ಕಡಿ ಬಂತು. ಹನ್ನೊಂದು ದಿನದ ಬಾಣಂತಿ ಕಿವಿಗೆ ಬಟ್ಟೆ ಬಿಗಿದುಕೊಂಡು, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಇಳಿದಳು. ಗಂಡ ಬಂದಿದ್ದನೇ ಎಂದು ಸಾಹೇಬರು ಕೇಳಿದರು. ನನ್ನ ಕೈಯ ಬೇಡಿಯನ್ನು ನೋಡಿದ ಮೇಲೂ ಇಲ್ಲ ಎಂದಳು. ಸಾಹೇಬರು ಮತ್ತೆ ಅಗೆಯಲು ಹೇಳಿದರು. ನಾಲ್ಕನೆಯ ಗುದ್ದಲಿ ಏಟಿಗೆ ಆಕೆ, “ಇಡೀ ಹೊಲಾ ಅಗಿತೀರೇನ್ರಿ? ಪೀಕಿನ ಮ್ಯಾಲ ಕಾಲ ಇಡಬ್ಯಾಡ್ರಿ, ಸರೀರಿ,” ಎಂದಳು. ಬನ್ನಿಗಿಡಕ್ಕೆ ಬೆನ್ನು ಹಚ್ಚಿ ನಿಂತಳು. ಕೂಸನ್ನು ಎದೆಗೆ ಒತ್ತಿಕೊಂಡು ಏಳು ಹೆಜ್ಜೆ ನಡೆದು ನಿಂತು, ಕಾಲಿನಿಂದ ಗೆರೆ ಎಳೆದಳು. ಹನ್ನೆರಡು ಅಡಿ ನಾಲ್ಕು ಇಂಚು. ನವೆಂಬರಿನಲ್ಲಿ ಹೆಜ್ಜೆ ಎಣಿಸಿದವಳು ಆಕೆ. ಮುಂದೆ ಹುಡುಕಬೇಕಾದವಳು ತಾನೇ, ಆದ್ದರಿಂದ ಎಣಿಕೆಯೂ ತನ್ನದೇ ಇರಲಿ ಎಂದಿದ್ದಳು. ನಾನು ಅದನ್ನು ಮರೆತಿದ್ದೆ.

ನಾಲ್ಕು ಐವತ್ತಕ್ಕೆ ಗಡಿಗೆ ಸಿಕ್ಕಿತು. ಸಾಹೇಬರು ಕೊನೆಯ ಹಾಳೆ ತೆರೆದು ತಾರೀಖನ್ನೂ ಎರಡು ಸಹಿಗಳನ್ನೂ ಗಟ್ಟಿಯಾಗಿ ಓದಿದರು. ನನ್ನ ತಾಯಿ ಎದ್ದು ಬಂದು ಕೂಸಿಗೆ ಕೈ ಚಾಚಿದಳು.

“ಮಲಗೇತ್ರಿ ಅತ್ತಿ,” ಎಂದು ಶಂಕ್ರವ್ವ ಕೊಡಲಿಲ್ಲ.

ನನ್ನ ಕಡೆ ತಿರುಗಿ, “ನೀವು ಬರಬಾರದಿತ್ತು. ನಾ ಹೊತ್ತಿದ್ದೆ, ಇನ್ನೂ ಹೊರತಿದ್ದೆ. ಯಾರ ಕೂಸಂತ ನನಗ ಗೊತ್ತಿತ್ತಲ್ಲ,” ಎಂದಳು. ಕೂಸಿಗೆ ಗೊತ್ತಾಗಬೇಕಲ್ಲ ಎಂದೆ. ಆಕೆ ಕಂಬಳಿಯ ಅಂಚು ಸರಿಸಿ ತೋರಿಸಿದಳು. ಎಡಗಿವಿ ಮಡಚಿದೆ. ಹೆಸರು ಏನಿಡಬೇಕೆಂದು ಕೇಳಿದಳು. ಕರಪತ್ರಗಳಿಂದ ಆರಿಸಿದ ದೊಡ್ಡ ದೊಡ್ಡ ಹೆಸರುಗಳು ನನ್ನಲ್ಲಿದ್ದವು. “ನೀನ ಇಡು,” ಎಂದೆ. ಐದು ಇಪ್ಪತ್ತೈದಕ್ಕೆ ನನ್ನನ್ನು ಹಿಂದಕ್ಕೆ ಹೊರಡಿಸಿದರು.

ಹಳೆಯ ಪುಸ್ತಕ ಈಗ ಮುದ್ದೇಮಾಲು, ಖಟ್ಲೆಯ ಪುರಾವೆ, ಅದರಲ್ಲಿ ಬರೆಯುವಂತಿಲ್ಲ. ಹೊಸ ಪುಸ್ತಕದಲ್ಲಿ ಬರೆಯಬೇಕಾದರೆ ತಂದೆಯ ಬರಹ ಬೇಕು ಎಂದು ಗೌಡರು ಹೇಳಿದ್ದಾರೆ. ಇದೇ ಆ ಬರಹ. ನಾಳೆ ಹದಿಮೂರನೆಯ ದಿನ, ತೊಟ್ಟಿಲು. ಇದರ ನಕಲು ಇಂದೇ ಗೌಡರಿಗೆ ಮುಟ್ಟಬೇಕು, ಚಾವಡಿಯಲ್ಲಿ ಜನರ ಮುಂದೆ ಓದಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ನನಗಾಗಿ ಬೇರೇನನ್ನೂ ಕೇಳುವುದಿಲ್ಲ.

ಮೇಲಿನದೆಲ್ಲ ನಾನು ಕಂಡದ್ದು, ಮಾಡಿದ್ದು ಮತ್ತು ತಾಯಿಯ ಬಾಯಿಂದ ಕೇಳಿದ್ದು. ಯಾರ ಒತ್ತಾಯಕ್ಕೂ ಬರೆದದ್ದಲ್ಲ, ಬರೆದುದರಲ್ಲಿ ಸುಳ್ಳಿಲ್ಲ. ಖಾಲಿ ಬಿಟ್ಟ ಅಂಕಣದಲ್ಲಿ ತುಂಬಬೇಕಾದ ಹೆಸರನ್ನು, ನಕಲು ಮಾಡುವವರಿಗೆ ತಪ್ಪಾಗದಂತೆ, ಕೆಳಗೆ ಬಿಡಿ ಬಿಡಿ ಅಕ್ಷರದಲ್ಲಿ ಬರೆದಿದ್ದೇನೆ. ಅದೇ ನನ್ನ ಸಹಿ.

ಸ್ಥಳ: ಹಾನಗಲ್ಲ
ತಾರೀಖು: 28-8-1943, ಮುಂಜಾನೆ 10-40

ಉ ಳ ವ ಪ್ಪ ಬ ಸ ವ ಣ್ಣೆ ಪ್ಪ ಗಾ ಣಿ ಗೇ ರ
ಕೂಸಿನ ತಂದೆ