ಊರಿನ ಹಿಮದ ಮೇಲೆ ನೀರು ಹೊಡೆದ ಬಗ್ಗೆ

ನನ್ನ ಹೆಸರು ಹೆರ್ಮಿಂದ ತಿಬಾಕಿರಾ, ತಂದೆ ದಿವಂಗತ ಸಿಲ್ವಿನೊ ತಿಬಾಕಿರಾ, ವಯಸ್ಸು 61 ವರ್ಷ, ಕಸುಬು ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಜೊತೆಗೆ ಚರ್ಚಿನ ಹಾಸುಬಟ್ಟೆಗಳ ಹೊಣೆ, ವಾಸ ಕಾರ್ಖಾನೆ ಬೀದಿ, ಮೇಲಿನ ಸಾಲು, ಸಾನ್ ರೋಕೆ ದೆ ಲಾ ಲೋಮ, ಕೊಲಂಬಿಯಾ. ದಿನಾಂಕ 26-12-2022ರಂದು ಬೆಳಿಗ್ಗೆ 9-30ಕ್ಕೆ ಠಾಣೆಗೆ ಕರೆಸಿ ಕೇಳಿದ್ದರಿಂದ, ಯಾರ ಹೆದರಿಕೆಯೂ ಇಲ್ಲದೆ ನಾನಾಗಿ ಹೇಳಿ ಬರೆಸುತ್ತಿರುವುದೇನೆಂದರೆ:

ಚರ್ಚು ಸಮಿತಿಯ ಅಧ್ಯಕ್ಷೆ ಎಲ್ವಿರ ಫುಕೆನೆಯವರು ಕೊಟ್ಟ ದೂರಿನಲ್ಲಿ ನಾನು ಕ್ರಿಸ್‌ಮಸ್ ಗೋದಲಿಯ ಮೇಲೆ ವಿಷ ಹೊಡೆದು ಬಾಲಯೇಸುವಿನ ಮೂರ್ತಿಯನ್ನು ಕೆಡಿಸಿದೆನೆಂದು ಇದೆ. ಮೂರ್ತಿ ಕೆಟ್ಟಿದ್ದು ನಿಜ. ನಾನು ಹೊಡೆದದ್ದು ವಿಷವಲ್ಲ, ನೀರು ಮತ್ತು ಪಾತ್ರೆ ತೊಳೆಯುವ ಸೋಪು. ವಿಷ ಗೋದಲಿಯಲ್ಲಿ ಮೊದಲೇ ಇತ್ತು. ಈ ಮಾತನ್ನು ಹೀಗೆಯೇ ಬರೆದುಕೊಳ್ಳಿ ಎಂದು ಇನ್ಸ್‌ಪೆಕ್ಟರ್ ಸಾಹೇಬರಿಗೆ ಎರಡು ಸಲ ಹೇಳಿದ್ದೇನೆ.

ನಮ್ಮೂರಿನಲ್ಲಿ ಚಳಿ ಇದೆ, ಮಂಜು ಇದೆ, ಹಿಮ ಬೀಳುವುದಿಲ್ಲ. ಆದರೂ ಡಿಸೆಂಬರ್ 16ರಿಂದ ನಡೆಯುವ ನವದಿನದ ಪ್ರಾರ್ಥನೆಯ ಕೊನೆಯ ಸಂಜೆ, ಅಂದರೆ 24ರಂದು, ಗೋದಲಿಯ ಪಕ್ಕದಲ್ಲಿ ಒಂದು ಹೆಣ್ಣುಮಗುವನ್ನು ಬಿಳಿ ಉಡುಪಿನಲ್ಲಿ ಕೂರಿಸಿ ಮೇಲಿನ ಅಟ್ಟದಿಂದ ತಲೆಯ ಮೇಲೆ ಹಿಮ ಸುರಿಯುವುದು ವಾಡಿಕೆ. ಆ ಮಗುವನ್ನು ಹಿಮದ ಹುಡುಗಿ ಎನ್ನುತ್ತಾರೆ. ಹಿಮ ಬರುತ್ತಿದ್ದದ್ದು ಕಾರ್ಖಾನೆಯಿಂದ. ಅಲ್ಲಿ ಸೂರಿನ ಶೀಟು, ನೀರಿನ ತೊಟ್ಟಿ ಮಾಡುತ್ತಿದ್ದರು. ಅದಕ್ಕೆ ಮೂಟೆಗಳಲ್ಲಿ ಬರುತ್ತಿದ್ದ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಹಿಂಜಿದರೆ ಹತ್ತಿಯ ಹಾಗೆ ಹಗುರ, ಬೆಂಕಿ ತಗುಲಿಸಿದರೂ ಸುಡುವುದಿಲ್ಲ. ಮೊದಲು ಹತ್ತಿಯನ್ನೇ ಹಾಕುತ್ತಿದ್ದರಂತೆ. ಒಂದು ವರ್ಷ ಮೇಣದಬತ್ತಿ ತಾಗಿ ಗೋದಲಿಯೇ ಹೊತ್ತಿಕೊಂಡು ಒಂದು ಮಗುವಿನ ಕೈ ಬೆಂದಿತು. ಆಮೇಲೆ ಮಕ್ಕಳ ಕ್ಷೇಮಕ್ಕೆಂದು ಹಿರಿಯರು ಇದನ್ನು ತಂದರು. ಕ್ಷೇಮಕ್ಕೆಂದೇ ತಂದದ್ದು. ಅವರನ್ನು ನಾನು ಬೈಯುವುದಿಲ್ಲ.

1972ರಲ್ಲಿ ನನ್ನ ತಂಗಿ ಅದೆಲ್ಫ ಹಿಮದ ಹುಡುಗಿಯಾಗಿದ್ದಳು. ಆಗ ಅವಳಿಗೆ ಏಳು ವರ್ಷ. ನನಗೆ ಆ ಪಟ್ಟ ಸಿಗಲಿಲ್ಲವೆಂದು ನಾನು ಮೂರು ದಿನ ಮುಖ ಊದಿಸಿಕೊಂಡಿದ್ದೆ. 2011ರಲ್ಲಿ ಅವಳ ಶ್ವಾಸಕೋಶದ ಹೊರಪೊರೆಯಲ್ಲಿ ಗಡ್ಡೆಯಾಯಿತು. ಕಲ್ನಾರಿನ ಎಳೆ ಒಳಗೆ ಹೋದರೆ ಕರಗುವುದಿಲ್ಲ, ಹೊರಗೂ ಬರುವುದಿಲ್ಲ, ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು ಆಮೇಲೆ ಕೆಲಸ ಶುರು ಮಾಡುತ್ತದೆ ಎಂದು ಬೊಗೊಟಾದ ವೈದ್ಯರು ಹೇಳಿದರು. ಅದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪನ ಕೆಲಸದ ಬಟ್ಟೆಯಿಂದ ಬಂತೋ, ಮನೆಯ ಸೂರಿನಿಂದಲೋ, ಹಿಮದಿಂದಲೋ ಹೇಳಲಾಗದು ಎಂದರು. ಅದನ್ನು ಒಣಗಿದಾಗ ಗುಡಿಸಬೇಡಿ, ಮುಟ್ಟಲೇಬೇಕಾದರೆ ನೆನೆಸಿ ಮುಟ್ಟಿ, ಎದ್ದು ಹಾರಿದರೆ ಹಿಡಿಯುವವರಿಲ್ಲ ಎಂದೂ ಹೇಳಿದರು. ಕೊನೆಯ ವಾರ ಅದೆಲ್ಫ ಮೇಲಕ್ಕೇ ನೋಡುತ್ತಾ, "ಅಕ್ಕಾ, ಇನ್ನೂ ಬೀಳ್ತಾನೇ ಇದೆ ನೋಡು, ನೆಲ ಮುಟ್ಟೇ ಇಲ್ಲ" ಎನ್ನುತ್ತಿದ್ದಳು. ಕೋಣೆಯಲ್ಲಿ ಏನೂ ಇರಲಿಲ್ಲ. ಆದರೂ ನಾನು ಕಿಟಕಿಗೆ ಪರದೆ ಎಳೆದೆ, ಬಿಸಿಲುಕೋಲು ಬೀಳಬಾರದೆಂದು.

ಪಾದ್ರಿಗಳು ಉಡುಪು ಬದಲಿಸುವ ಕೋಣೆಯ ಗೋಡೆಯಲ್ಲಿ ಹಳೆಯ ಹಿಮದ ಹುಡುಗಿಯರ ಹನ್ನೊಂದು ಫೋಟೋಗಳಿವೆ. ನಾನು ಪ್ರತಿ ಶನಿವಾರ ಅವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಫೋಟೋದಲ್ಲಿ ಎಲ್ಲರ ಕೂದಲು, ಹುಬ್ಬು, ರೆಪ್ಪೆ ಬೆಳ್ಳಗೆ ಇದ್ದು ಆರೇಳು ವರ್ಷದ ಮುದುಕಿಯರ ಹಾಗೆ ಕಾಣುತ್ತಾರೆ. ಅವರಲ್ಲಿ ಎಂಟು ಮಂದಿ ತಲೆ ನಿಜವಾಗಿ ನರೆಯುವವರೆಗೆ ಬದುಕಲಿಲ್ಲ.

ಕಾರ್ಖಾನೆ ಮುಚ್ಚಿ ವರ್ಷಗಳಾದವು. ಈಗ ದೇಶದಲ್ಲಿ ಕಲ್ನಾರನ್ನೇ ನಿಷೇಧಿಸಿದ್ದಾರೆ. ಹೊಸ ಮೂಟೆ ಬರುವುದಿಲ್ಲ, ಹಾಗಾಗಿ ಹಿಮದ ಪೆಟ್ಟಿಗೆ ತಾನಾಗಿಯೇ ಬರಿದಾಗುತ್ತದೆಂದು ನಾನು ಕಾಯುತ್ತಿದ್ದೆ. ಜನವರಿಯಲ್ಲಿ ಮುಚ್ಚುವಾಗ ತಳ ಕಾಣುವ ಪೆಟ್ಟಿಗೆ ಡಿಸೆಂಬರಿನಲ್ಲಿ ತೆರೆದಾಗ ತುಂಬಿರುತ್ತಿತ್ತು. ಯಾರನ್ನು ಕೇಳಿದರೂ ತಾನಲ್ಲ ಎನ್ನುತ್ತಿದ್ದರು. ಹೋದ ವರ್ಷ ಪೆಟ್ಟಿಗೆಗೆ ನಾನೇ ಬೀಗ ಹಾಕಿ ಕೀಲಿ ಕೊರಳಿಗೆ ಕಟ್ಟಿಕೊಂಡೆ. ಆದರೂ ತುಂಬಿತ್ತು.

ದಿನಾಂಕ 16-12-2022ರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಎಲ್ವಿರ ಈ ವರ್ಷದ ಹಿಮದ ಹುಡುಗಿಯ ಹೆಸರು ಕೂಗಿದರು. ಅದು ನನ್ನ ಮೊಮ್ಮಗಳು ನಯಿಬೆ, ಆರು ವರ್ಷ. ಅವಳ ತಾಯಿ ಯೊಲಿಮ ದೂರದ ಗುಲಾಬಿ ತೋಟದಲ್ಲಿ ಕೆಲಸ ಮಾಡುವುದರಿಂದ ಮಗು ನನ್ನ ಹತ್ತಿರವೇ ಇರುತ್ತದೆ. ನಯಿಬೆ ಖುಷಿಯಿಂದ ಬೆಂಚಿನ ಮೇಲೆ ಹತ್ತಿ ಕುಣಿದಳು. ನಾನು ಎಲ್ವಿರರನ್ನು ಬಾಗಿಲ ಬಳಿ ತಡೆದು, ಮಗುವಿನ ಮೇಲೆ ಅದನ್ನು ಸುರಿಯಕೂಡದು, ಯಾವ ಮಗುವಿನ ಮೇಲೂ ಕೂಡದು ಎಂದೆ. ಅದಕ್ಕೆ ಅವರು, "ಏನೇ ಹೆರ್ಮಿಂದ, ನಿನ್ ಮೊಮ್ಮಗಳಿಗೆ ಪಟ್ಟ ಕಟ್ತಿದೀವಿ, ಮುಖ ಯಾಕೆ ಹುಳಿ ಮಾಡ್ಕೊಂಡಿದೀಯ? ನಮ್ಮಪ್ಪ ಮೂವತ್ತು ವರ್ಷ ಅದನ್ನ ಬರಿಗೈಯಲ್ಲಿ ಹಿಂಜಿದಾರೆ. ಎಂಬತ್ನಾಕಾಯ್ತು, ಇವತ್ತಿಗೂ ಮದುವೆ ಮನೇಲಿ ಕುಣೀತಾರೆ. ಸಾಯೋರು ಸಾಯ್ತಾರೆ ಕಣೇ. ಹಿಮ ಏನ್ ಮಾಡ್ತು?" ಎಂದರು. ನಿನ್ನ ಮಗು ಬೇಡವಾದರೆ ಬಡಗಿಯ ಮಗಳನ್ನು ಕೂರಿಸುತ್ತೇವೆ, ಅಂಗಿ ಅವಳಿಗೂ ಆಗುತ್ತದೆ ಎಂದೂ ಹೇಳಿದರು. ಹಾಗಾದರೆ ಅದು ಇನ್ನೊಂದು ಮಗುವಿನ ತಲೆಗೆ ಬೀಳುತ್ತಿತ್ತು ಅಷ್ಟೇ, ಆದ್ದರಿಂದ ನಾನು ನಯಿಬೆಯ ಹೆಸರು ತೆಗೆಸಲಿಲ್ಲ.

ಎಲ್ವಿರ ಹೇಳಿದ ಅಪ್ಪ ಅಂದರೆ ದೊನ್ ಎಲಾಡಿಯೊ ಫುಕೆನೆ. ಕಾರ್ಖಾನೆಯಲ್ಲಿ ಮೂಟೆ ಬಿಚ್ಚುವ ವಿಭಾಗದಲ್ಲಿದ್ದವರಲ್ಲಿ ಈಗ ಉಳಿದಿರುವುದು ಅವರೊಬ್ಬರೇ. ಯಾರ ಎದೆಯಲ್ಲಿ ನೋವು ಬಂದರೂ ನಮ್ಮ ಜನ ಮೊದಲು ಹೇಳುವುದು ಅವರ ಹೆಸರನ್ನೇ. ದೊನ್ ಎಲಾಡಿಯೊ ಗಟ್ಟಿಯಾಗಿದ್ದಾರಲ್ಲ, ನಿನಗೇನು ಕೇಡು ಎನ್ನುತ್ತಾರೆ.

17ರಂದು ನಾನು ಪಾದ್ರಿ ಅನ್ಸಿಸಾರ್ ಅವರಿಗೆ ವಿಷಯ ತಿಳಿಸಿದೆ. ಅವರು ಊರಿಗೆ ಹೊಸಬರು. "ಅಯ್ಯೋ, ನಾನು ಹತ್ತಿ ಅಂದ್ಕೊಂಡಿದ್ದೆ ಅಮ್ಮಾ" ಎಂದು ಗಾಬರಿಯಾದರು. ಮರುದಿನ ದೊನ್ ಎಲಾಡಿಯೊ ಅವರೆದುರು ಹಿಮದ ಒಂದು ತುಣುಕಿಗೆ ಬೆಂಕಿಕಡ್ಡಿ ಹಿಡಿದು, "ಹತ್ತಿ ಆಗಿದ್ರೆ ಫಾದರ್, ಇಷ್ಟೊತ್ತಿಗೆ ನಿಮ್ ಗಡ್ಡ ಹೋಗ್ತಿತ್ತು" ಎಂದರು. ಎಲ್ಲರೂ ನಕ್ಕರು. ಪಾದ್ರಿಗಳೂ ನಕ್ಕರು. ಕಡ್ಡಿ ಪೂರ್ತಿ ಉರಿದು ಹೋಯಿತು, ತುಣುಕು ಇದ್ದ ಹಾಗೇ ಇತ್ತು. ಆ ವಿಚಾರ ಅಲ್ಲಿಗೆ ಮುಗಿಯಿತು.

22ರಂದು ಮಧ್ಯಾಹ್ನ 3-30ರ ಸುಮಾರಿಗೆ ನಾನು ಒಗೆದ ಬಟ್ಟೆ ಕೊಡಲು ಫುಟ್‌ಬಾಲ್ ಮೈದಾನದ ಬದಿಯಿಂದ ಹೋಗುತ್ತಿದ್ದೆ. ಆ ಜಾಗ ಹಿಂದೆ ಹಳ್ಳ. ಕಾರ್ಖಾನೆಯ ಕಸ ಹಾಕಿ ಅದನ್ನು ತುಂಬಿಸಿದ್ದರು. ಅದರ ಒಂದು ಮೂಲೆಯಲ್ಲಿ ಹುಲ್ಲು ಹತ್ತುವುದಿಲ್ಲ. ಆ ಮೂಲೆಯಲ್ಲಿ ದೊನ್ ಎಲಾಡಿಯೊ ಕುಕ್ಕರಗಾಲಿನಲ್ಲಿ ಕೂತು, ಚಮಚದಿಂದ ನೆಲ ಕೆರೆದು ಜರಡಿಗೆ ಹಾಕಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬಿಳಿ ಎಳೆಗಳನ್ನು ಆರಿಸುತ್ತಿದ್ದರು. ನಾನು ನಿಂತೆ. ಅವರು ತಲೆ ಎತ್ತದೆಯೇ, "ನಾನು ಅಗೆಯೋದೂ ಇಲ್ಲ ಹೆರ್ಮಿಂದ. ಮಳೆ ಬಂದ ಮೇಲೆ ತಾನೇ ಮೇಲಕ್ಕೆ ಬರ್ತದೆ. ನೆಲ ಕೊಡ್ತದೆ, ನಾನು ಇಸ್ಕೋತೀನಿ" ಎಂದರು. ಪೆಟ್ಟಿಗೆಗೆ ಬೀಗ ಹಾಕಿದ್ದೆನಲ್ಲ ಎಂದು ಕೇಳಿದೆ. ಹಿಂಬದಿಯ ಹಲಗೆ ಸಡಿಲವಿದೆ, ಆ ಪೆಟ್ಟಿಗೆ ಮಾಡಿದವನೇ ತಾನು ಎಂದರು. ಮೈದಾನದ ಇನ್ನೊಂದು ತುದಿಯಲ್ಲಿ ಮಕ್ಕಳು ಚೆಂಡು ಒದೆಯುತ್ತಿದ್ದರು. ಚೆಂಡು ನೆಲಕ್ಕೆ ಬಿದ್ದಲ್ಲೆಲ್ಲ ಸಣ್ಣಗೆ ಹೊಗೆಯಂಥದ್ದು ಏಳುತ್ತಿತ್ತು.

23ರಂದು ಬೆಳಿಗ್ಗೆ 6-00ರ ಬಸ್ಸಿಗೆ ನಾನು ಯೊಲಿಮಳ ಗುಲಾಬಿ ತೋಟಕ್ಕೆ ಹೋದೆ. ಗಿಡಗಳಿಗೆ ಔಷಧಿ ಹೊಡೆಯುವ, ಬೆನ್ನಿಗೆ ಕಟ್ಟುವ ಪಂಪು ಮತ್ತು ಮುಖಕ್ಕೆ ಹಾಕುವ ಒಳ್ಳೆಯ ಮುಸುಕು ತರುವುದಕ್ಕೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆ. ವಾಪಸ್ಸು ಬಂದಾಗ ಸಂಜೆ 7-00 ಆಗಿತ್ತು. ನಯಿಬೆ ಸ್ನಾನ ಮಾಡಿ ಮಲಗಿದ್ದಳು.

24ರಂದು ಮಧ್ಯಾಹ್ನ 4-10ಕ್ಕೆ ನನ್ನ ಬಳಿ ಇರುವ ಕೀಲಿಯಿಂದ ಚರ್ಚಿನ ಬಾಗಿಲು ತೆರೆದೆ. ಗೋದಲಿಯ ಸುತ್ತ ಹಿಮ ಹಾಸಿದ್ದರು. ಅಟ್ಟದ ಅಂಚಿನಲ್ಲಿ ಪೆಟ್ಟಿಗೆ ತೆರೆದಿತ್ತು. ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದರೂ, ಒಳಗೆ ಒಂದು ಎಲೆ ಅಲುಗುವಷ್ಟು ಗಾಳಿಯೂ ಇಲ್ಲದಿದ್ದರೂ, ಆ ಬಿಸಿಲಿನ ತುಂಬ ಎಳೆಗಳು ತೇಲುತ್ತಿದ್ದವು. ಬೀಳುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ನಾನು ಒಂದು ಹೆಜ್ಜೆ ಇಟ್ಟರೆ ಅವೂ ನನ್ನ ಕಡೆಗೆ ಒಂದಿಷ್ಟು ಸರಿಯುತ್ತಿದ್ದವು. ಇದನ್ನು ಬರೆಯಬೇಕೋ ಬೇಡವೋ ಎಂದು ಸಾಹೇಬರು ಕೇಳಿದರು. ನಾನು ಕಂಡದ್ದನ್ನು ಹೇಳಿದ್ದೇನೆ.

ಮುಸುಕು ಹಾಕಿಕೊಂಡು, ಮೆಲ್ಲಗೆ, ದೂರದಿಂದ ಪಂಪು ಹೊಡೆದೆ. ಹಿಮ ನೆನೆದು ಗಂಜಿಯಾಯಿತು. ಕುರಿಗಳು, ಕತ್ತೆ, ಬಾಲಯೇಸು ಎಲ್ಲರೂ ನೆನೆದರು. ಅಷ್ಟರಲ್ಲಿ ಕೊನೆಯ ಬೆಂಚಿನಿಂದ, "ಆ ಬದಿ ಇನ್ನೂ ಒಣಗಿದೆ ನೋಡು" ಎಂಬ ದನಿ ಕೇಳಿತು. ಹಿಮ ಹಾಸಿದ ಮೇಲೆ ಒಳಗೇ ಉಳಿದಿದ್ದ ದೊನ್ ಎಲಾಡಿಯೊ ಮೊದಲಿನಿಂದಲೂ ಅಲ್ಲಿಯೇ ಕೂತಿದ್ದರು. ಅವರು ನನ್ನನ್ನು ತಡೆಯಲಿಲ್ಲ. ಉಸಿರಾಡುವಾಗ ಅವರ ಬಲ ಭುಜ ಮೇಲೇಳುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಅದೆಲ್ಫಳಿಗೂ ಹಾಗೆಯೇ ಏಳುತ್ತಿತ್ತು. ನಾನು ಪಂಪು ನಿಲ್ಲಿಸಿ, ಯಾವಾಗಿನಿಂದ ಎಂದು ಕೇಳಿದೆ.

"ಮೇ ತಿಂಗಳಲ್ಲೇ ಡಾಕ್ಟ್ರು ಹೇಳಿದ್ರು. ಯಾರಿಗೂ ಹೇಳ್ಬೇಡ ತಾಯಿ. ನಮ್ ಎಲ್ವಿರಂಗೂ ಗೊತ್ತಿಲ್ಲ" ಎಂದರು. ಗೊತ್ತಿದ್ದೂ ಮಕ್ಕಳ ತಲೆಯ ಮೇಲೆ ಸುರಿಯಲು ಅದನ್ನು ಆರಿಸಿ ತಂದಿರಾ, ನಾಚಿಕೆಯಾಗಲಿಲ್ಲವಾ ಎಂದು ನಾನು ಕೂಗಿದೆ. ಅವರು ನೆನೆದ ಹಿಮದ ಕಡೆ ನೋಡಿದರು. ಆಮೇಲೆ, "ಇಡೀ ಊರು ನನ್ ಎದೆ ನೋಡ್ಕೊಂಡು ನಿದ್ದೆ ಮಾಡ್ತದೆ ಹೆರ್ಮಿಂದ. ಈ ವರ್ಷ ಹಿಮ ಯಾಕಿಲ್ಲ ಅಂತ ಕೇಳಿದ್ರೆ ಏನಂತ ಹೇಳ್ಲಿ?" ಎಂದರು. ಅವರ ಗುಟ್ಟನ್ನು ಇಲ್ಲಿ ಬರೆಸುತ್ತಿರುವುದು ನನಗೆ ಗೊತ್ತಿದೆ. ಬೇಕಾದರೆ ಅವರು ನನ್ನ ಮೇಲೆ ಇನ್ನೊಂದು ದೂರು ಕೊಡಲಿ.

4-50ಕ್ಕೆ ಎಲ್ವಿರ, ಪಾದ್ರಿಗಳು, ನಯಿಬೆಯೂ ಸೇರಿ ಹಬ್ಬದ ಉಡುಪಿನ ಮಕ್ಕಳು, ನತಿಲ್ಯ ಸಿಹಿಯ ತಟ್ಟೆ ಹಿಡಿದ ಹೆಂಗಸರು ಒಳಗೆ ಬಂದರು. ಎಲ್ವಿರ ಬಾಲಯೇಸುವನ್ನು ಎತ್ತಿದಾಗ ಕೆನ್ನೆಯ ಬಣ್ಣ ಅವರ ಅಂಗೈಗೆ ಬಂತು. "ಮುಂಡೇದೇ, ದೇವರ ಮಗೂಗೆ ಔಷಧಿ ಹೊಡೀತೀಯಾ! ನಿನ್ ಕೈ ಸೇದಿಹೋಗ!" ಎಂದು ಬೈದು ನನ್ನ ಮುಸುಕು ಕಿತ್ತರು. ಅಪ್ಪನ ಕಡೆ ತಿರುಗಿ, "ಅಪ್ಪಾ, ನೀನೇ ಹೇಳು ಇವಳಿಗೆ, ಎಲ್ಲರ ಮುಂದೆ ಹೇಳು" ಎಂದರು. ದೊನ್ ಎಲಾಡಿಯೊ ಎದ್ದು ನಿಂತು ಎಂದಿನಂತೆ ನಗಲು ಹೋದರು. ನಗುವಿನ ಬದಲು ಕೆಮ್ಮು ಬಂತು. ಕಫವಿಲ್ಲದ, ಒಣ, ನಿಲ್ಲದ ಕೆಮ್ಮು. ಕಾರ್ಖಾನೆ ಬೀದಿಯಲ್ಲಿ ಅದನ್ನು ಗೋಡೆಯಾಚೆಯಿಂದ ಕೇಳದ ಮನೆ ಇಲ್ಲ. ಹೆಂಗಸರು ತಟ್ಟೆಗಳನ್ನು ಹೊದ್ದ ಶಾಲಿನಲ್ಲಿ ಮುಚ್ಚಿದರು. ಯಾರೂ ಅವರಿಗೆ ನೀರು ಕೊಡಲಿಲ್ಲ, ಹತ್ತಿರವೂ ಹೋಗಲಿಲ್ಲ. ಎಲ್ವಿರ ಮೂರ್ತಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು. ಮರುದಿನ ಅವರು ದೂರು ಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರ ಮೇಲಾದರೂ ದೂರು ಕೊಡಲೇಬೇಕಿತ್ತು, ಪಾಪ.

5-40ಕ್ಕೆ ನಯಿಬೆಯ ಕೈ ಹಿಡಿದು ಮನೆಗೆ ಹೊರಟೆ. ಮಗು ಉಳಿಯಿತು ಎಂಬ ಸಮಾಧಾನ ನನಗಿತ್ತು. ನೀರಿನ ನಲ್ಲಿಯ ಬಳಿ ಅವಳು ನಿಂತು, "ಅಜ್ಜಿ, ಬೈಬೇಡ, ಒಂದು ಹೇಳ್ತೀನಿ" ಎಂದಳು. "ನಿನ್ನೆ ನೀನು ಬಸ್ಸಲ್ಲಿ ಹೋಗಿದ್ಯಲ್ಲ, ಆವಾಗ ಪ್ರಾಕ್ಟೀಸ್ ಅಂತ ನನ್ ಮೇಲೆ ಹಾಕಿದ್ರು. ಎರಡು ಸಲ ಹಾಕಿದ್ರು, ಮೊದಲನೇ ಸಲ ಫೋಟೋ ಸರಿಯಾಗಿ ಬರ್ಲಿಲ್ಲ ಅಂತ." ಹಿಮದ ರುಚಿ ನೋಡೋಣವೆಂದು ಬಾಯಿ ತೆರೆದು ಹಿಡಿದಿದ್ದಾಗಿ ಹೇಳಿದಳು. "ರುಚಿನೇ ಇರ್ಲಿಲ್ಲ ಅಜ್ಜಿ. ಬರೀ ಗಂಟಲು ಕಚಗುಳಿ ಆಯ್ತು" ಎಂದು ನಕ್ಕಳು.

ನಿನ್ನೆ ಬೊಗೊಟಾದ ವೈದ್ಯರಿಗೆ ಫೋನ್ ಮಾಡಿದೆ. ಈಗ ಎಕ್ಸ್‌ರೇ ತೆಗೆದರೂ ಏನೂ ಕಾಣದು, ಅಷ್ಟಕ್ಕೆ ಏನೂ ಆಗದಿರುವುದೇ ಹೆಚ್ಚು, ಆದರೆ ನಲವತ್ತು ವರ್ಷದ ಮೇಲೆ ಎದೆನೋವು ಬಂದರೆ ಇದನ್ನು ಮರೆಯದೆ ವೈದ್ಯರಿಗೆ ಹೇಳಬೇಕು ಎಂದರು. ಆಗ ಹೇಳಲು ನಾನಿರುವುದಿಲ್ಲ. ಆರು ವರ್ಷದ ಮಗು ಇದನ್ನು ಹಬ್ಬದ ನೆನಪಾಗಿ ಇಟ್ಟುಕೊಳ್ಳುತ್ತದೆ.

ಆದ್ದರಿಂದ ಇಂದು, ನನ್ನ ಮಾತು ಮುಗಿಯುವ ಮೊದಲು, ಈ ಕಾಗದ ಎಷ್ಟು ವರ್ಷ ಇರುತ್ತದೆ ಎಂದು ಕೇಳಿದೆ. ನಾನು ಕ್ಷಮೆ ಕೇಳಿದರೆ ಎಲ್ವಿರ ರಾಜಿಗೆ ಒಪ್ಪಿದ್ದಾರೆ, ರಾಜಿಯಾದ ಕಡತವನ್ನು ಹತ್ತು ವರ್ಷಕ್ಕೆ ಸುಡುತ್ತೇವೆ ಎಂದು ಸಾಹೇಬರು ತಿಳಿಸಿದರು. ತಪ್ಪು ಒಪ್ಪಿಕೊಂಡು ಶಿಕ್ಷೆಯಾದರೆ ಎಂದೆ. "ಅದನ್ನ ಸುಡಲ್ಲಮ್ಮ, ಬೊಗೊಟಾಕ್ಕೆ ಕಳಿಸ್ತೀವಿ, ಅಲ್ಲಿ ಯಾವತ್ತಿಗೂ ಇರ್ತದೆ. ಆದ್ರೆ ಈ ವಯಸ್ಸಲ್ಲಿ ಯಾಕೆ ನಿಮಗೆ?" ಎಂದರು. ನನಗೆ ರಾಜಿ ಬೇಡ. ಮೂರ್ತಿಯನ್ನು ಬೇಕೆಂದೇ ಕೆಡಿಸಿದ್ದೇನೆ, ಆ ತಪ್ಪನ್ನು ಪೂರ್ತಿಯಾಗಿ ಒಪ್ಪಿದ್ದೇನೆ. ಕಾಗದದ ಮೇಲೆ ನನ್ನ ಹೆಸರಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಬರೆಯಬೇಕೆಂದು ಕೋರುತ್ತೇನೆ: ನಯಿಬೆ ತಿಬಾಕಿರಾ, ವಯಸ್ಸು 6, ದಿನಾಂಕ 23-12-2022, ಎರಡು ಸಲ, ಬಾಯಿ ತೆರೆದಿತ್ತು.

ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದ್ದಷ್ಟೇ ಇದೆ, ಹೇಳಿದ ಹಾಗೆಯೇ ಇದೆ, ಅದೆಲ್ಲವೂ ನಿಜ.

ಸ್ಥಳ: ಸಾನ್ ರೋಕೆ ದೆ ಲಾ ಲೋಮ ಪೊಲೀಸ್ ಠಾಣೆ
ದಿನಾಂಕ: 26-12-2022, ಬೆಳಿಗ್ಗೆ 11-45
ಸಹಿ: ಹೆರ್ಮಿಂದ ತಿಬಾಕಿರಾ